ಜಗಲಿಯೇರಿದ ಲಿಂಬೆ

ಹುಳಿಗೆ ನಮ್ಮ ಕಡೆ ಕೊರತೆಯಿಲ್ಲ. ಮೀನು ಸಾರಿಗೆ ಮುರುಗಲ ಸಿಪ್ಪೆ, ಬೇಸಿಗೆಗೆ ಮಾವಿನಮಿಡಿ, ಹಿತ್ತಲಲ್ಲಿ ಬಿಂಬಲ, ಬೇಲಿಯಾಚೆ ಅಮಟೆ. ಇಷ್ಟೆಲ್ಲ ಇದ್ದರೂ ಹುರಿದ ಬಂಗಡೆಯ ಮೇಲೆ ಹಿಂಡಲು ಲಿಂಬೆಯೇ ಆಗಬೇಕು. ಅದು ಮಾತ್ರ ಅರಬೈಲ್ ಘಟ್ಟ ಇಳಿದು ಬರಬೇಕು. ಏಪ್ರಿಲ್‌ನಲ್ಲಿ ಅಂಕೋಲೆ ಪೇಟೆಯಲ್ಲಿ ದರ ಕೇಳಿದವರು ಕೈಗೆತ್ತಿಕೊಂಡ ಹಣ್ಣನ್ನು ಮೆಲ್ಲಗೆ ಬುಟ್ಟಿಗೇ ವಾಪಸಿಡುವುದನ್ನು ನೋಡಿದ್ದೇನೆ.

ನಮ್ಮ ಅವರ್ಸಾ ಲಿಂಬೆಗೆ ಹೇಳಿ ಮಾಡಿಸಿದ ಊರಲ್ಲ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ. ಅಲ್ಲಿಯ ಒಣ ಹವೆಯೇ ಈ ಗಿಡಕ್ಕೆ ಇಷ್ಟ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹನಿ ಸಿಡಿದಲ್ಲೆಲ್ಲ ಕಜ್ಜಿರೋಗ ಹರಡಿ, ಎಲೆ ಕಾಯಿಗಳ ಮೇಲೆ ಹಳದಿ ಅಂಚಿನ ಒರಟು ಕಂದು ಚುಕ್ಕೆ ಏಳುತ್ತವೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಸಾಲದ್ದಕ್ಕೆ ಮೇ ತಿಂಗಳಲ್ಲಿ ಕಡಲಂಚಿನ ಬಾವಿಗಳ ನೀರು ಉಪ್ಪಾಗುತ್ತದೆ. ಉಪ್ಪು ಲಿಂಬೆಗೆ ಆಗಿಬಾರದು.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಹದಿನೇಳನೆಯ ಶತಮಾನದಿಂದಲೂ ಕಿತ್ತಳೆ, ಲಿಂಬೆ ಗಿಡಗಳನ್ನು ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ, ಚಳಿ ಬಂದೊಡನೆ ಅವಕ್ಕೆಂದೇ ಕಟ್ಟಿದ ದೊಡ್ಡ ಮನೆಯೊಳಗೆ ಸಾಗಿಸುತ್ತಾರೆ. ರಾಜರಿಗೆ ಚಳಿಯ ಭಯ, ನನಗೆ ಮಳೆಯದು. ಉಪಾಯ ಒಂದೇ. ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಡ್ರಮ್ಮು, ಅಡಿಯಲ್ಲಿ ತೂತು, ತೂತಿನ ಮೇಲೆ ಹಂಚಿನ ಚೂರು, ಅದರ ಮೇಲೆ ಕೆಂಪು ಮಣ್ಣು, ಹೊಳೆ ಮರಳು, ಹಳೆಯ ಸಗಣಿ ಗೊಬ್ಬರ. ಕಡಲ ಮರಳು ಕೈಗೆಟುಕುವಷ್ಟು ಹತ್ತಿರವಿದ್ದರೂ ಮುಟ್ಟಬಾರದು. ಡ್ರಮ್ಮಿನ ಕೆಳಗೆ ಗಾಲಿ ಹಲಗೆ. ಜೂನ್ ಮೊದಲ ವಾರ ಗಿಡ ಜಗಲಿಯೇರುತ್ತದೆ.

ಗಿಡವನ್ನು ಬೀಜದಿಂದಲೂ ಮಾಡಬಹುದು. ಹಣ್ಣಿನಿಂದ ತೆಗೆದ ಹಸಿ ಬೀಜವನ್ನೇ ಊರಬೇಕು, ಒಣಗಿಸಿಟ್ಟರೆ ಕೆಟ್ಟಿತು. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಆದರೆ ಕಾಯಿ ನೋಡಲು ಐದಾರು ವರ್ಷ ಕಾಯಬೇಕು. ಅವಸರದವರಿಗೆ ಟೊಂಗೆಗೇ ಬೇರು ಬರಿಸಿ ಮಾಡಿದ ಗೂಟಿ ಗಿಡವೇ ವಾಸಿ.

ನನಗೆ ಬಲು ಪ್ರಿಯವಾದ ಕೆಲಸ ಸೆಪ್ಟೆಂಬರ್‌ನದು. ಹೊರಗೆ ಧೋ ಎಂದು ಮಳೆ, ಜಗಲಿಯ ಮೇಲೆ ಗಿಡಕ್ಕೆ ಉಪವಾಸ. ನೀರು ಪೂರ್ತಿ ಬಂದ್. ನಮ್ಮ ಹವೆಯಲ್ಲಿ ಡ್ರಮ್ಮಿನ ಮಣ್ಣು ಆರಲಿಕ್ಕೂ ದಿನ ಹಿಡಿಯುತ್ತದೆ. ಆಮೇಲೆ ಎಲೆ ಮುದುಡುತ್ತದೆ, ಬಣ್ಣ ಮಂಕಾಗುತ್ತದೆ, ಕೆಲವು ಉದುರುತ್ತವೆ. ಪಕ್ಕದ ಮನೆಯ ಅಕ್ಕ ಹಾಲು ತರಲು ಹೋಗುತ್ತ ಕೊಡೆ ವಾಲಿಸಿ ನಿಂತು, “ಮಾಸ್ತರ್ರೇ, ಊರೆಲ್ಲ ನೀರು, ನಿಮ್ಮ ಗಿಡಕ್ಕೊಂದೇ ಬರವಾ?” ಎನ್ನುತ್ತಾರೆ. ಸಮಜಾಯಿಷಿ ಕೊಡಲು ಹೊರಟರೆ ಅವರ ಹಾಲಿಗೆ ತಡವಾದೀತು. ಮೇಲ್ಮಣ್ಣು ಸಡಿಲಿಸಿ, ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಟ್ಟು, ಮೊದಲು ಚೂರೇ ಚೂರು, ಬಳಿಕ ಹೊಟ್ಟೆ ತುಂಬ ನೀರು. ಒಣಗಿ ಬದುಕಿದ ಗಿಡ ಚಿಗುರಿನ ಜೊತೆಗೇ ಮೊಗ್ಗು ಹೊರಡಿಸುತ್ತದೆ. ಅಕ್ಟೋಬರ್ ಹೊತ್ತಿಗೆ ಹೂವು, ಮುಂದೆ ಐದಾರು ತಿಂಗಳಿಗೆ ಹಣ್ಣು. ಅಂದರೆ ಸರಿಯಾಗಿ ಪೇಟೆ ದರ ಏರುವ ಬೇಸಿಗೆಗೆ. ಬಯಲುಸೀಮೆಯ ರೈತರು ಹೀಗೆ ಹೂವು ಬರಿಸುವುದಕ್ಕೆ ಹಸ್ತ ಬಹಾರ್ ಎನ್ನುತ್ತಾರೆ. ಕರಾವಳಿಯ ನೆಲದಲ್ಲಿ ನಿಂತ ಗಿಡಕ್ಕೆ ಆ ಭಾಗ್ಯವಿಲ್ಲ. ಸೆಪ್ಟೆಂಬರ್ ಮಳೆಯನ್ನು ನಿಲ್ಲಿಸುವವರು ಯಾರು?

ಚಿಗುರು ಬಂದಲ್ಲಿ ಲಿಂಬೆ ಚಿಟ್ಟೆ ಬಂದೇ ಬರುತ್ತದೆ. ಅದರ ಮರಿಹುಳು ಮೊದಮೊದಲು ಹಕ್ಕಿ ಹಿಕ್ಕೆಯ ವೇಷದಲ್ಲಿ ಎಲೆಯ ಮೇಲೆ ಬಿದ್ದಿರುತ್ತದೆ; ದೊಡ್ಡದಾದ ಮೇಲೆ ಎಲೆಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಚಾಚಿ, ಘಾಟು ವಾಸನೆ ಬಿಟ್ಟು ಹೆದರಿಸುತ್ತದೆ. ಅಷ್ಟು ಧೈರ್ಯ ತೋರಿಸಿದ್ದಕ್ಕೆ ಒಂದೆರಡನ್ನು ಬಿಟ್ಟುಬಿಡುತ್ತೇನೆ. ಉಳಿದವನ್ನು ಆರಿಸಿ ತೆಗೆಯುತ್ತೇನೆ. ನೀತಿ ಇಲ್ಲದ ಲೆಕ್ಕ, ಒಪ್ಪಿದೆ.

ಹೆದ್ದಾರಿಯಲ್ಲಿ ಕಾರವಾರದ ಕಡೆ ಹೊರಟರೆ ನೌಕಾನೆಲೆಯ ಗೋಡೆ ಸಿಗುತ್ತದೆ. ಅದನ್ನು ಕಂಡಾಗಲೆಲ್ಲ ನಾವಿಕರ ಲಿಂಬೆಯ ಕಥೆ ನೆನಪಾಗುತ್ತದೆ. 1747ರಲ್ಲಿ ಬ್ರಿಟಿಷ್ ಹಡಗೊಂದರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರನ್ನು ಜೋಡಿಗಳಾಗಿ ವಿಂಗಡಿಸಿ, ಒಂದು ಜೋಡಿಗೆ ಕಿತ್ತಳೆ, ಲಿಂಬೆ ಕೊಟ್ಟ. ಬೇಗ ಎದ್ದು ನಿಂತವರು ಆ ಇಬ್ಬರೇ. ಬ್ರಿಟಿಷ್ ನೌಕಾಪಡೆ ಅದನ್ನು ನಂಬಿ ಎಲ್ಲರಿಗೂ ರಸ ಹಂಚುವ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ ಶತಮಾನ ಕಳೆದಿತ್ತು. ಸರ್ಕಾರಿ ಕಡತದ ವೇಗ ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಈಗ ಬರಗಾಲದ ಅಕ್ಕನಿಗೂ ಒಂದು ಗಿಡ ಬೇಕಂತೆ. ಪೆನ್ಸಿಲ್ ದಪ್ಪದ ಟೊಂಗೆಯೊಂದರ ಸಿಪ್ಪೆ ಸುಲಿದು, ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಗೂಟಿ ಕಟ್ಟಿದ್ದೇನೆ. ಬೇರು ಬಿಟ್ಟರೆ ಕೊಯ್ದು ಕೊಡುವುದೇನೂ ಕಷ್ಟವಲ್ಲ. ಅವರ ಜಗಲಿಯಲ್ಲಿ ಡ್ರಮ್ಮಿಗೆ ಜಾಗ ಮಾಡಬೇಕಾದರೆ ಮೊದಲು ಸ್ಕೂಟರ್ ಹೊರಗೆ ಹೋಗಬೇಕು. ಅದಕ್ಕೆ ಅವರ ಮಗ ಒಪ್ಪುತ್ತಿಲ್ಲ.