ಏಣಿಯೂ ಲೆಕ್ಕವೂ

ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮೊನ್ನೆ ರಾತ್ರಿ ತ್ರಿಕೋನಮಿತಿಯ ಪುಸ್ತಕವನ್ನು ಮಡಿಚಿಟ್ಟು, “ಅಪ್ಪಾ, ಇದು ನನ್ನ ತಲೆಗೆ ಹತ್ತುವುದಿಲ್ಲ; ಮುಂದೆ ಗಣಿತವಿಲ್ಲದ ಓದನ್ನೇ ಆರಿಸಿಕೊಳ್ಳುತ್ತೇನೆ” ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರವನ್ನು ಬಾಲ್ಯದಲ್ಲಿ ಕಂಡು, ನಾನೂ ಎಂಜಿನಿಯರನಾಗಬೇಕೆಂದು ಹಂಬಲಿಸಿದ್ದವನು; ಕಡೆಗೆ ಹೊಳಲ್ಕೆರೆಯ ಅಡಕೆಯ ತೋಟಕ್ಕೆ ಹಿಂದಿರುಗಿದೆ. ಕಾರಣವೋ, ಒಂದು ಅಡ್ಡಗೆರೆ!

ಸೈನ್, ಕೊಸೈನ್‌ಗಳ ಮೊತ್ತವನ್ನು ಸೈನಿನಿಂದ ಭಾಗಿಸಿ ಸಂಕ್ಷೇಪಿಸಿರೆಂದು ಕೇಳಿದ್ದರು. ನಾನು ಮೇಲಿನ ಸೈನನ್ನೂ ಕೆಳಗಿನ ಸೈನನ್ನೂ ಗೆರೆಯೆಳೆದು ಹೊಡೆದುಹಾಕಿ, ‘ಕೊಸೈನ್’ ಎಂದು ಬರೆದೆ. ಉಪಾಧ್ಯಾಯರು ಸೊನ್ನೆ ಕೊಟ್ಟರು, ಏಕೆಂದು ಹೇಳಲಿಲ್ಲ. ಈಗ ಮಗಳ ಪುಸ್ತಕದಲ್ಲಿಯೂ ಅದೇ ಗೆರೆ! ತಂದೆಯಿಂದ ಮಕ್ಕಳಿಗೆ ಬರುವುದು ಹೊಲತೋಟಗಳು ಮಾತ್ರವಲ್ಲವೆಂದು ತೋರುತ್ತದೆ.

“ಕೋನ 45 ಡಿಗ್ರಿ ಎಂದಿಟ್ಟುಕೋ ಮಗು. ಆಗ ಎರಡೂ ಸಮ. ಉತ್ತರ 2 ಆಗಬೇಕು. ನಿನ್ನ ಗೆರೆಯ ಪ್ರಕಾರ ಸುಮಾರು 0.707. ಹೇಗಾಯಿತು?”

ಬಹಳ ಹೊತ್ತು ಯೋಚಿಸಿ, “ಕೂಡಿರುವವುಗಳಲ್ಲಿ ಒಂದೊಂದನ್ನೂ ಭಾಗಿಸಬೇಕಿತ್ತು, 1 ಕೂಡಿಸು ಕಾಟ್” ಎಂದಳು.

ಮರುದಿನ ಹಿತ್ತಲಿನ ಬಿದಿರೇಣಿಯನ್ನು ಗೋಡೆಗೆ ಒರಗಿಸಿದೆವು. ಏಣಿಯ ಉದ್ದವನ್ನು 1 ಎಂದರೆ, ನೆಲದೊಡನೆ ಅದು ಮಾಡುವ ಕೋನದ ಸೈನ್ ಗೋಡೆಯ ಮೇಲೆ ಮುಟ್ಟಿದ ಎತ್ತರ. ಕೊಸೈನ್ ಬುಡಕ್ಕೂ ಗೋಡೆಗೂ ನಡುವಣ ಅಂತರ. ಬುಡವನ್ನು ಹಿಂದಕ್ಕೆಳೆದರೆ ಎತ್ತರ ಇಳಿಯುತ್ತದೆ. ಏಣಿ ಮಾತ್ರ ಅಷ್ಟೇ. ಆದ್ದರಿಂದಲೇ ಎರಡರ ವರ್ಗಗಳನ್ನು ಕೂಡಿದರೆ ಯಾವಾಗಲೂ 1. ಸಿದ್ಧಾಂತ ಶಿರೋಮಣಿಯನ್ನು 1150ರಲ್ಲಿ ರಚಿಸಿದ ಭಾಸ್ಕರಾಚಾರ್ಯರ ಕಾಲದಲ್ಲಿ ಇವು ಜ್ಯಾ, ಕೋಟಿಜ್ಯಾ ಎನಿಸಿದ್ದವು. ‘ಜ್ಯಾ’ದ ಇನ್ನೊಂದು ರೂಪವಾದ ‘ಜೀವಾ’ ಅರಬರ ಕೈಸೇರಿ, ಲ್ಯಾಟಿನ್ನಿಗೆ ದಾಟಿ, ‘ಸೈನ್’ ಎಂಬ ಹೊಸ ಹೆಸರಿನಿಂದ ನಮ್ಮ ಮನೆಗೇ ಬಂದಿದೆ.

ಸಂಜೆ ಅವಳು ಕಠಿನವಾದುದೊಂದನ್ನು ಹಿಡಿದಳು: ಸೀಕೆಂಟಿನಲ್ಲಿ ಕೊಸೈನನ್ನು ಕಳೆದು ಸೈನಿನಿಂದ ಭಾಗಿಸುವುದು. ಸೀಕೆಂಟನ್ನು ಕೊಸೈನಿನ ವ್ಯುತ್ಕ್ರಮವಾಗಿ ಬರೆದು ಛೇದವನ್ನು ಸಮಮಾಡಲು, ಮೇಲೆ 1ರಲ್ಲಿ ಕೊಸೈನಿನ ವರ್ಗ ಕಳೆದದ್ದು ಉಳಿಯಿತು.

“ಅಪ್ಪಾ, ಇದು ಏಣಿಯ ಎತ್ತರದ ವರ್ಗ!”

ಸೈನಿನ ವರ್ಗದ ಕೆಳಗೆ ಕೊಸೈನೂ ಸೈನೂ ಗುಣಿಸಿಕೊಂಡು ನಿಂತಿದ್ದವು. ಪೆನ್ಸಿಲನ್ನು ಎತ್ತಿದವಳು ತಡೆದು, “ಇಲ್ಲಿ ಹೊಡೆಯಬಹುದೇ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, “ಗುಣಾಕಾರವಷ್ಟೆ, ಹೊಡೆಯಬಹುದು” ಎಂದು ತಾನೇ ಗೆರೆಯೆಳೆದಳು. ಉಳಿದದ್ದು ಟ್ಯಾನ್. 45 ಡಿಗ್ರಿಯನ್ನಿಟ್ಟು ತಾಳೆನೋಡಿದಳು. ಎರಡು ಕಡೆಯೂ 1.

ಮುಂದಿನ ಲೆಕ್ಕವನ್ನು ನನ್ನ ಕಡೆಗೆ ತಳ್ಳಿದಳು. ಮೂರನೆಯ ಸಾಲಿನಲ್ಲಿ ನಾನು ಚಿಹ್ನೆಯನ್ನು ತಪ್ಪಿದೆ. ಏಕೆಂದು ಅವಳು ಹೇಳಿಕೊಟ್ಟಳು.