ಬಿಚ್ಚದ ಚೀಲ

ಮೊದಲು ನಮ್ಮ ಕಡೆ ಕಾರು ತೆಗೆಯುವವರು ಎರಡೇ ಮಾತು ಕೇಳುತ್ತಿದ್ದರು. ಮೈಲೇಜು ಎಷ್ಟು, ತೋಟದ ಗುಡ್ಡೆ ದಾರಿ ಹತ್ತುತ್ತದೋ ಇಲ್ಲವೋ. ಈಗ ಮೂರನೆಯ ಪ್ರಶ್ನೆಯೊಂದು ಸೇರಿದೆ: ‘ಏರ್‌ಬ್ಯಾಗ್ ಎಷ್ಟು ಉಂಟು?’ ಮದುವೆ ಮನೆಯ ಪಂಕ್ತಿಯಲ್ಲೂ ಈ ಲೆಕ್ಕ ನಡೆಯುತ್ತದೆ. ಎರಡು ಎಂದರೆ ಸಾಧಾರಣ, ಆರು ಎಂದರೆ ಭಾರೀ ಭದ್ರ.

ಈ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. 2019ರ ಜುಲೈಯಿಂದ ಚಾಲಕನ ಮುಂದೆ ಒಂದು ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ ಬಂತು. 2021ರಲ್ಲಿ ಪಕ್ಕದ ಸೀಟಿನವರಿಗೂ ಬಂತು. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಆರು ಏರ್‌ಬ್ಯಾಗ್‌ಗಳ ಕರಡು ನಿಯಮ ಹೊರಡಿಸಿತು. ಮುಂದಿನ ಎರಡು, ಮುಂದಿನ ಸೀಟುಗಳ ಬದಿಗೆ ಎರಡು, ಕಿಟಕಿಗಳ ಮೇಲಿನಿಂದ ಪರದೆಯಂತೆ ಇಳಿಯುವವು ಎರಡು. ಅದನ್ನು ಒಂದು ವರ್ಷ ಮುಂದೂಡಿದರು, 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಎಂದರು. ಅಷ್ಟರಲ್ಲಿ ‘ಆರು’ ಎಂಬುದು ಜಾಹೀರಾತಿಗೆ ಏರಿಯಾಗಿತ್ತು. ನಮ್ಮ ಭಾವ ಕೂಡ ಆ ಆರಕ್ಕಾಗಿಯೇ ಹೆಚ್ಚು ದುಡ್ಡು ಕೊಟ್ಟು ಮೇಲಿನ ಮಾದರಿ ತೆಗೆದದ್ದು. ಎರಡು ವರ್ಷದ ಅಡಿಕೆಯ ದುಡ್ಡು ಅದು.

ಕಳೆದ ಮಳೆಗಾಲ ಮುಗಿಯುತ್ತಾ ಬಂದಾಗ, ಚೆರ್ಕಳ–ಕಲ್ಲಡ್ಕ ರಸ್ತೆಗೆ ಒಳದಾರಿಯೊಂದು ಸೇರುವಲ್ಲಿ, ಮುರಕಲ್ಲು ಹೇರಿಕೊಂಡು ಇಳಿಜಾರಿನಲ್ಲಿ ಬಂದ ಪಿಕಪ್ ಭಾವನ ಬಲಬದಿಯ ಬಾಗಿಲಿಗೇ ಬಡಿಯಿತು. ಬಾಗಿಲು ಒಳಕ್ಕೆ ತಗ್ಗಿಹೋಯಿತು. ಭಾವ ಬೆಲ್ಟ್ ಹಾಕಿದ್ದರು. ಆದರೂ ಮೂರು ಪಕ್ಕೆಲುಬು ಮುರಿಯಿತು, ಮಂಗಳೂರಿನಲ್ಲಿ ಒಂಬತ್ತು ದಿನ ಆಸ್ಪತ್ರೆ. ಆರು ಚೀಲಗಳಲ್ಲಿ ಒಂದೂ ಬಿಚ್ಚಲಿಲ್ಲ.

ನೋಡಲು ಬಂದವರೆಲ್ಲ, ‘ದೇವರ ದಯೆ, ಜೀವ ಉಳಿಯಿತಲ್ಲ’ ಎಂದರು. ಅಕ್ಕ ಮಾತ್ರ, ‘ದೇವರ ದಯೆ ಸರಿ. ದುಡ್ಡು ತೆಗೊಂಡದ್ದು ಕಂಪೆನಿ ಅಲ್ವಾ?’ ಎಂದಳು.

ಆ ಮಾತಿನ ಹಿಂದೆ ಹೊರಟ ಮೇಲೆ ನಾನು ಕಲಿತದ್ದನ್ನು ಹೇಳುತ್ತೇನೆ. ಮುಂದಿನ ಚೀಲಗಳು ಬಿಚ್ಚದೆ ಇದ್ದದ್ದರಲ್ಲಿ ತಪ್ಪಿಲ್ಲ. ಅವು ಎದುರಿನ ಡಿಕ್ಕಿಗೆ ಇರುವಂಥವು. ಬದಿಯ ಚೀಲದ ಕಥೆ ಬೇರೆ. ಎದುರಿನಿಂದ ಬಡಿದರೆ ಮಡಚಿಕೊಳ್ಳಲು ಇಡೀ ಬಾನೆಟ್ ಉಂಟು. ಬದಿಯಲ್ಲಿ ನಮಗೂ ಹೊರಗಿನ ಕಬ್ಬಿಣಕ್ಕೂ ನಡುವೆ ಇರುವುದು ಒಂದು ಬಾಗಿಲಿನ ದಪ್ಪ ಅಷ್ಟೆ. ಹಾಗಾಗಿ ಸೀಟಿನ ಬೆನ್ನಿನ ಹೊರ ಅಂಚಿನಲ್ಲಿ ಮಡಚಿಟ್ಟ ಚೀಲ ಸೆಕೆಂಡಿನ ಐವತ್ತನೇ ಒಂದು ಪಾಲಿನ ಹೊತ್ತಿನಲ್ಲಿ ಹೊಲಿಗೆ ಹರಿದು ಹೊರಬಂದು ಉಬ್ಬಬೇಕು. ಕಣ್ಣು ಮಿಟುಕಿಸುವುದಕ್ಕೇ ಅದರ ಐದಾರು ಪಟ್ಟು ಸಮಯ ಬೇಕು. ಬಾಗಿಲ ಕಂಬದಲ್ಲಿ, ಕೆಲವು ಕಾರುಗಳಲ್ಲಿ ಬಾಗಿಲಿನ ಒಳಗೂ ಇರುವ ಸೆನ್ಸರ್ ಪೆಟ್ಟಿನ ಸುದ್ದಿ ಕೊಡುತ್ತದೆ. ನಡುವೆ ಕೂತ ಸಣ್ಣ ಪೆಟ್ಟಿಗೆಯೊಂದು ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಸಣ್ಣ ಪೆಟ್ಟಿಗೆ, ಓರೆ ಪೆಟ್ಟಿಗೆ ಬಿಚ್ಚದಿರುವುದೂ ಅದರ ಕೆಲಸವೇ.

ಕಂಪೆನಿಯಿಂದ ಬಂದ ಉತ್ತರವೂ ಇದೇ ಧಾಟಿಯದು. ಒಂದು ಪುಟ, ಎಲ್ಲ ಇಂಗ್ಲಿಷ್. ಪೆಟ್ಟಿನ ಬಲ ಚೀಲ ಬಿಚ್ಚುವ ಮಿತಿಯನ್ನು ಮುಟ್ಟಿರಲಿಲ್ಲವಂತೆ. ಮಿತಿ ಎಷ್ಟು, ಮುಟ್ಟಿದ್ದು ಎಷ್ಟು ಎಂದು ಬರೆದಿರಲಿಲ್ಲ. ಶೋರೂಮಿಗೆ ಹೋಗಿ ಕೇಳಿದಾಗ ಅಲ್ಲಿಯವರು ಇನ್ನೊಂದು ಕಾರಣ ತೆಗೆದರು: ‘ಸೀಟಿಗೆ ಕವರ್ ಹಾಕಿಸಿದ್ದೀರಲ್ಲ ಸರ್, ಅದು ಚೀಲವನ್ನು ತಡೆದಿರಬೇಕು.’

ಕವರು ಹಾಕಿದ್ದು ಆ ಶೋರೂಮಿನವರೇ. ಕಾರು ಕೊಡುವ ದಿನ ಮ್ಯಾಟು, ಮಡ್‌ಫ್ಲಾಪುಗಳ ಜೊತೆಗೆ ಬಿಲ್ಲು ಮಾಡಿ ಹಾಕಿದ್ದು.

ನಮ್ಮ ಅಳಿಯ, ಅಂದರೆ ಭಾವನ ಮಗ, ಪಾಲಿಟೆಕ್ನಿಕ್ಕಿನಲ್ಲಿ ಕಲಿತವ. ಅವ ಮೆಲ್ಲಗೆ ಹೇಳಿದ: ‘ಮಾವ, ಈ ಎರಡು ಕಾರಣ ಒಟ್ಟಿಗೆ ನಿಲ್ಲುವುದಿಲ್ಲ. ಪೆಟ್ಟು ಸಾಲದು ಅಂತಾದರೆ ಚೀಲಕ್ಕೆ ಆಜ್ಞೆಯೇ ಹೋಗಲಿಲ್ಲ. ಮತ್ತೆ ಕವರು ತಡೆದದ್ದು ಯಾವುದನ್ನು? ಕವರು ತಡೆದದ್ದೇ ಹೌದಾದರೆ ಒಳಗೆ ಸಿಡಿದ ಗುರುತು ಬೇಕು. ಸೀಟಿನ ಹೊಲಿಗೆ ಒಂದೂ ಬಿಟ್ಟಿಲ್ಲ.’ ಅಷ್ಟು ಹೇಳಿ, ಆ ಪೆಟ್ಟಿಗೆಯಲ್ಲಿ ದಾಖಲಾದದ್ದರ ಪ್ರತಿಯನ್ನು ಲಿಖಿತವಾಗಿ ಕೇಳಿದ. ಅದು ಸಿಗುವವರೆಗೆ ದುರಸ್ತಿಗೆ ಒಪ್ಪಿಗೆ ಕೊಡುವುದಿಲ್ಲ ಎಂದ. ಕಾರು ಎರಡು ತಿಂಗಳು ಅವರ ಶೆಡ್ಡಿನಲ್ಲೇ ನಿಂತಿತು. ಮೂರನೆಯ ಪತ್ರಕ್ಕೆ ಪ್ರತಿ ಬಂತು.

ಭಾವನ ಸುದ್ದಿ ತಿಳಿದ ಮೇಲೆ ನಮ್ಮ ವಾಚನಾಲಯಕ್ಕೆ ಬರುವವರು ತಮ್ಮ ತಮ್ಮ ಕಾರಿನ ಕಥೆ ತೆಗೆದರು. ಒಬ್ಬರ ಕಾರಿನಲ್ಲಿ ಏರ್‌ಬ್ಯಾಗ್ ಗುರುತಿನ ಕೆಂಪು ದೀಪ ಆಷಾಢದಿಂದ ಉರಿಯುತ್ತಲೇ ಇತ್ತು. ‘ಎಂತದೋ ಲೈಟು, ಕಾರು ಓಡುತ್ತದಲ್ಲ’ ಅಂತ ಬಿಟ್ಟಿದ್ದರಂತೆ. ತೋರಿಸಿದಾಗ ಸೀಟಿನ ಅಡಿಯ ಹಳದಿ ಕನೆಕ್ಟರಿಗೆ ಪಾಚಿ ಬಣ್ಣದ ಕಿಲುಬು ಹಿಡಿದಿತ್ತು. ಒದ್ದೆ ಕೊಡೆ, ಕೆಸರು ಚಪ್ಪಲಿ, ಮ್ಯಾಟಿನಡಿಯಲ್ಲಿ ವಾರಗಟ್ಟಲೆ ಆರದ ನೀರು. ನಮ್ಮ ಮಳೆಗೆ ಇದು ಹೊಸತಲ್ಲ. ಇನ್ನೊಬ್ಬರು ಸೀಟಿನಡಿಗೆ ತೆಂಗಿನಕಾಯಿ ಚೀಲ ತುರುಕಿ ವಯರು ಎಳೆದುಹೋಗಿತ್ತು. ಮತ್ತೊಬ್ಬರು ಪೇಟೆಯಲ್ಲಿ ಬದಿ ಪೂರ್ತಿ ಮುಚ್ಚುವ ದಪ್ಪ ರೆಕ್ಸಿನ್ ಹೊದೆಸಿದ್ದರು.

ಅಂದಿನಿಂದ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇಷ್ಟು. ಕೀಲಿ ತಿರುಗಿಸಿದಾಗ ಆ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಆರದಿದ್ದರೆ ದೋಷ, ಹೊತ್ತದೇ ಇದ್ದರೂ ದೋಷ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದ ಪಟ್ಟಿ ಇದ್ದರೆ ಅಲ್ಲಿ ಕವರು ಬಿಟ್ಟುಕೊಂಡಿರಬೇಕು, ಇಲ್ಲವೇ ಸುಲಭದಲ್ಲಿ ಹರಿಯುವ ಹೊಲಿಗೆ ಇರಬೇಕು. ಹಳದಿ ವಯರಿಗೆ ನಾವಾಗಿ ಕೈ ಹಾಕಬಾರದು, ಒಳಗಿರುವುದು ಮದ್ದು. ಸ್ಪೀಕರ್ ಕೂರಿಸಲು ಬಾಗಿಲು ಬಿಚ್ಚಿಸುವ ಮೊದಲು ಕಂಪೆನಿಯ ಕೈಪಿಡಿ ನೋಡಬೇಕು. ಭಾವನಿಗೆ ಕೊಟ್ಟ ಕೈಪಿಡಿಯಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಹಾಗಾಗಿ ಅದರ ಏರ್‌ಬ್ಯಾಗ್ ಅಧ್ಯಾಯವನ್ನು ಅಳಿಯ ಕನ್ನಡದಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದಾನೆ.

ಆದರೆ ಇಷ್ಟೆಲ್ಲ ಮಾಡಿದವರ ಕಾರಿನಲ್ಲೂ ಚೀಲ ಬಿಚ್ಚದೆ ಹೋಗಬಹುದು. ಭಾವನ ದೀಪ ಸರಿಯಾಗಿ ಹೊತ್ತಿ ಆರುತ್ತಿತ್ತು, ಸರ್ವಿಸು ಒಂದೂ ತಪ್ಪಿರಲಿಲ್ಲ. ಬ್ರೇಕನ್ನು ದಿನಾ ಒತ್ತಿ ನೋಡುತ್ತೇವೆ, ಹಾರ್ನು ಒತ್ತಿ ನೋಡುತ್ತೇವೆ. ಈ ಚೀಲಕ್ಕೆ ಹಾಗೆ ನೋಡುವ ದಾರಿ ಇಲ್ಲ. ಬೇಕಾದ ದಿನವೇ ಅದರ ಪರೀಕ್ಷೆ. ಕೊಂಡವನಿಗೆ ತಿಳಿಯದ ಸಂಗತಿಯ ಲೆಕ್ಕವನ್ನು ಮಾರಿದವನು ಕೊಡಬೇಕು ಎಂದು ನನಗೆ ಅನಿಸುವುದು ಇದಕ್ಕೇ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಹತ್ತಿರದ ಮಾತು ಹೇಳಿದೆ. ಎದುರಿನ ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚದ ಪ್ರಕರಣ ಅದು. ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂದು ಹೇಳಿ ಕಂಪೆನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ನಾನು ಇದನ್ನು ಓದಿ ಹೇಳಿದಾಗ ಹಾಸಿಗೆಯಲ್ಲಿದ್ದ ಭಾವ ನಗಲು ಹೋಗಿ, ಪಕ್ಕೆ ನೋವಿಗೆ ಕೈ ಒತ್ತಿ ಹಿಡಿದುಕೊಂಡರು.

ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಆಗುತ್ತದೆ, ಎರಡು ವರ್ಷದ ಒಳಗೆ ಕೊಡಬೇಕು ಎಂಬುದು ಕಾನೂನು. ಭಾವ ಕೊಟ್ಟಿದ್ದಾರೆ. ‘ಎಂತ ಸಿಗ್ತದೆ ಭಾವ, ಕಂಪೆನಿ ಎದುರು?’ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ: ‘ದುಡ್ಡು ಸಿಕ್ಕಿದರೆ ಸಿಕ್ಕಿತು ಮಾರಾಯ. ಯಾಕೆ ಬಿಚ್ಚಲಿಲ್ಲ ಅಂತ ಅವರು ಒಂದು ಸರ್ತಿ ನನ್ನ ಮುಖ ನೋಡಿ ಹೇಳಲಿ.’ ಮುಂದಿನ ವಾಯಿದೆಗೆ ಅಕ್ಕ ಕಾಗದಗಳನ್ನೆಲ್ಲ ಹೊಲಿದು ಕಡತ ಮಾಡಿಟ್ಟಿದ್ದಾಳೆ. ಎಲ್ಲಕ್ಕಿಂತ ಮೇಲೆ ಇರುವುದು ಸೀಟಿನ ಕವರಿನ ಬಿಲ್ಲು, ಶೋರೂಮಿನ ಮುದ್ರೆ ಸಮೇತ.