ಒಲೆಗೆ ಏರದ ಕಷಾಯ

ಜ್ವರ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಒಲೆಗೆ ಏರುವುದು ನೆಲಬೇವಿನ ಕಷಾಯ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಅತ್ತೆಯವರಿಗೆ ಸಮಾಧಾನವಿಲ್ಲ. 2015ರ ಮಳೆಗಾಲದಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿದ್ದ ನಮ್ಮನೆಯವರು ಚಳಿಜ್ವರ ಹೊತ್ತು ಬಂದಾಗಲೂ ಹೀಗೇ ಆಯಿತು. ಮೂರು ದಿನ ಕಷಾಯ ಕುಡಿಸಿದೆ. ನಾಲ್ಕನೆಯ ದಿನ ಅವರು ಏನೇನೋ ಬಡಬಡಿಸತೊಡಗಿದಾಗ ನನ್ನ ಕೈಕಾಲು ತಣ್ಣಗಾದವು. ರಕ್ತಪರೀಕ್ಷೆಯಲ್ಲಿ ಮಲೇರಿಯಾ, ಅದೂ ಮಿದುಳಿಗೆ ಏರುವ ಜಾತಿಯದು. "ಮೂರು ದಿನ ಏನ್ಮಾಡ್ತಿದ್ರಮ್ಮಾ?" ಎಂದು ಡಾಕ್ಟರು ಗದರಿದರು. ಅವರನ್ನು ಉಳಿಸಿದ್ದು ಆರ್ಟಿಸುನೇಟ್ ಎಂಬ ಇಂಜೆಕ್ಷನ್.

ಅದರ ಮೂಲವೂ ಒಂದು ಗಿಡವೇ ಎಂದು ನನಗೆ ತಿಳಿದದ್ದು ಆ ಅಕ್ಟೋಬರಿನಲ್ಲಿ, ಚೀನಾದ ತೂ ಯೂಯೂ ಎಂಬಾಕೆಗೆ ನೊಬೆಲ್ ಬಹುಮಾನ ಬಂದಾಗ. 1969ರಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವ ಕೆಲಸ ವಹಿಸಿದಾಗ ಆಕೆ ಎರಡು ಪುಟ್ಟ ಮಕ್ಕಳ ತಾಯಿ. ಗಂಡ ದೂರದ ಹಳ್ಳಿಯಲ್ಲಿ. ದೊಡ್ಡವಳನ್ನು ಶಿಶುವಿಹಾರದಲ್ಲಿ ಬಿಟ್ಟು, ಚಿಕ್ಕವಳನ್ನು ತವರಿಗೆ ಕಳಿಸಿ ಹೊರಟಳಂತೆ. ಬಹಳ ದಿನದ ಮೇಲೆ ಮರಳಿದಾಗ ಮಗುವಿಗೆ ಅಮ್ಮನ ಗುರುತೇ ಸಿಗಲಿಲ್ಲವಂತೆ. ಬಹುಮಾನಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಈ ಮಾತು.

ಹಳೆಯ ವೈದ್ಯಗ್ರಂಥಗಳಿಂದ, ನಾಟಿವೈದ್ಯರಿಂದ ಎರಡು ಸಾವಿರ ಮದ್ದುಗಳನ್ನು ಆಕೆಯ ತಂಡ ಕಲೆಹಾಕಿತು. ಅದರಲ್ಲಿ ಚಿಂಗ್‌ಹಾವ್ ಎಂಬ ಸೊಪ್ಪು ಇಲಿಗಳ ಮೇಲೆ ಒಮ್ಮೆ ಗುಣ ತೋರಿಸಿತು, ಮತ್ತೊಮ್ಮೆ ಇಲ್ಲ. ಯಾಕೆ? ಸುಮಾರು 1,600 ವರ್ಷ ಹಿಂದೆ ಗೆ ಹೋಂಗ್ ಎಂಬ ವೈದ್ಯ ಬರೆದದ್ದನ್ನು ಆಕೆ ಮತ್ತೆ ಓದಿದಳು. ಹಿಡಿ ಸೊಪ್ಪು ನೀರಿನಲ್ಲಿ ನೆನೆಹಾಕಿ, ಹಿಂಡಿ ಕುಡಿಯಬೇಕು. ಕುದಿಸುವ ಮಾತೇ ಇಲ್ಲ! ನಾಲ್ಕು ಲೋಟ ಒಂದಕ್ಕೆ ಇಳಿಸುವ ನಾನು ಈ ಸಾಲನ್ನು ಎರಡು ಸಲ ಓದಿದೆ. ಬಿಸಿಗೆ ಸೊಪ್ಪಿನ ಸತ್ವ ಕೆಡುತ್ತಿರಬೇಕೆಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರಿನಿಂದ ಸಾರ ತೆಗೆದಳು. 1971ರ ಅಕ್ಟೋಬರ್ 4ರಂದು, 191ನೆಯ ಮಾದರಿ ಇಲಿಗಳ ರಕ್ತದಲ್ಲಿನ ಮಲೇರಿಯಾ ರೋಗಾಣುಗಳನ್ನೆಲ್ಲ ಅಳಿಸಿಹಾಕಿತು. ಹೆಚ್ಚು ಸಾರ ತೆಗೆಯಲು ಕಾರ್ಖಾನೆ ಸಿಗದೆ, ಮನೆಯ ನೀರಿನ ಹಂಡೆಗಳಲ್ಲೇ ಸೊಪ್ಪು ನೆನೆಹಾಕಿದರು. ರೋಗಿಗಳಿಗೆ ಕೊಡುವ ಮೊದಲು, 1972ರಲ್ಲಿ, ತೂ ಮತ್ತು ಇಬ್ಬರು ಜೊತೆಗಾರರು ತಾವೇ ಅದನ್ನು ಕುಡಿದು ನೋಡಿದರು. ಆಮೇಲೆಯೇ ಹೈನಾನ್ ದ್ವೀಪದ ಕಾಯಿಲೆಯವರಿಗೆ ಕೊಟ್ಟದ್ದು.

ಆ ಸೊಪ್ಪು ನಮ್ಮ ದವನದ ದಾಯಾದಿಯಂತೆ. ಮೊನ್ನೆ ದವನದ ಹುಣ್ಣಿಮೆಗೆ ಈ ಕಥೆಯನ್ನು ಅತ್ತೆಯವರಿಗೆ ಹೇಳಿದೆ. ಕೈಲಿದ್ದ ದವನ ಮೂಸಿ, "ಹಾಗಾದ್ರೆ ಆವತ್ತು ಇದನ್ನೇ ಹಿಂಡಿ ಕುಡಿಸಬಹುದಿತ್ತಲ್ಲೇ!" ಎಂದರು.

"ಬೇಡ ಅತ್ತೆ, ಇದು ದೇವರಿಗೆ ಏರಿಸೋಕೆ, ಮುಡಿಯೋಕೆ ಮಾತ್ರ," ಎಂದು ಅವರ ಕೈಯಿಂದ ಈಸಿಕೊಂಡೆ.